ಕೊರಳಿನ ಕೆಂಪು ಪಟ್ಟಿ

ಬೋಗಾದಿ, ಮೈಸೂರು
೧೨ ಡಿಸೆಂಬರ್ ೨೦೨೪

ಹಾಲಿನಾ ಅಕ್ಕನವರಿಗೆ ವಸಂತಮ್ಮನ ನಮಸ್ಕಾರಗಳು.

ನಾವಿಬ್ಬರೂ ಮುಖ ಕಂಡವರಲ್ಲ. ನಿಮ್ಮ ಮೊಮ್ಮಗಳು ಕಿಂಗಾ ಕನ್ನಡ ಕಲಿಯಲು ಮೈಸೂರಿಗೆ ಬಂದು ನಮ್ಮ ಮಹಡಿಯ ಕೋಣೆ ಹಿಡಿದಿದ್ದಾಳಲ್ಲ, ಆ ಮನೆಯವಳು ನಾನು. ಕ್ರಿಸ್‌ಮಸ್ಸಿಗೆ ಪೋಲೆಂಡಿಗೆ ಹೊರಟಿರುವ ಅವಳ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ. ಅವಳು ಪಕ್ಕದಲ್ಲಿ ಕೂತು ನಿಮ್ಮ ಭಾಷೆಯಲ್ಲಿ ಓದಿ ಹೇಳುತ್ತಾಳೆ. ನಿಮ್ಮ ಹೆಸರು ಮೊದಲು ಕೇಳಿದಾಗ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ‘ಹಾಲಿನ’ ಅಂದರೆ ಹಾಲಿಗೆ ಸೇರಿದ್ದು. ಹಾಲಿನ ಪಾತ್ರೆ, ಹಾಲಿನ ಕೆನೆ. ಇಷ್ಟು ಒಳ್ಳೆಯ ಹೆಸರು ನಮ್ಮ ಕಡೆ ಯಾರಿಗೂ ತೋಚಲಿಲ್ಲವಲ್ಲ ಎಂದುಕೊಂಡೆ.

ಕಿಂಗಾ ಚೆನ್ನಾಗಿದ್ದಾಳೆ. ಬಂದಾಗ ಕಡ್ಡಿಯ ಹಾಗಿದ್ದಳು, ಈಗ ಮುದ್ದೆ ನುಂಗುವುದು ಕಲಿತು ಕೆನ್ನೆ ತುಂಬಿಕೊಂಡಿದ್ದಾಳೆ. ಸೊಪ್ಪು ಮಾರುವವಳಿಗೆ “ಜಾಸ್ತಿ ಆಯ್ತು ಬುಡವ್ವ” ಅನ್ನುತ್ತಾಳೆ. ಇಡೀ ಬೀದಿ ಅವಳ ಮಾತು ಕೇಳಲು ನಿಲ್ಲುತ್ತದೆ.

ನಾನು ಬರೆಯಲು ಕೂತದ್ದು ಮಾತ್ರ ನಿಮ್ಮ ಅಜ್ಜಿ ಮರಿಯಾನ್ನಾ ಅವರ ಬಗ್ಗೆ. ಅವರು ನಮ್ಮ ಮನೆಗೆ ಒಂದು ಉಪಕಾರ ಮಾಡಿದ್ದಾರೆ.

ನನ್ನ ಮೊಮ್ಮಗಳು ಸಿಂಚನ ಮೂರನೇ ಕ್ಲಾಸು. ನನ್ನ ಮಗ ಮೋಹನ್ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಆಸೆಪಟ್ಟು ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ. ಆ ಶಾಲೆಯಲ್ಲಿ ಈ ವರ್ಷ ಒಂದು ಕೆಂಪು ಪಟ್ಟಿ ಬಂತು. ಕನ್ನಡ ಆಡಿದ ಮಗುವಿನ ಕೊರಳಿಗೆ ಅದನ್ನು ಹಾಕುತ್ತಾರೆ. ಅದನ್ನು ಕಳಚಿಕೊಳ್ಳಬೇಕಾದರೆ ಕನ್ನಡ ಆಡಿದ ಇನ್ನೊಂದು ಮಗುವನ್ನು ಹಿಡಿದು ಕೊಡಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರು ಎಲ್ಲರೆದುರು ನಿಲ್ಲಬೇಕು.

ದಿನವಿಡೀ ಕತೆ ಹೇಳುತ್ತಿದ್ದ ಮಗು ಮನೆಯಲ್ಲೂ ಬಾಯಿ ಮುಚ್ಚಿತು. ನಾನು ಏನು ಕೇಳಿದರೂ ತಲೆಯಾಡಿಸುತ್ತಿದ್ದಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಬಾಯಿ ಬಿಡಿಸಿದವಳು ನಾನು, ನನ್ನ ಮನೆಯ ಮಗುವಿನ ಬಾಯಿ ಬಿಡಿಸಲಾಗಲಿಲ್ಲ. ಸೊಸೆ ಪವಿತ್ರ ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದಳು.

ಒಂದು ಸಂಜೆ ಸಿಂಚನ ಆ ಪಟ್ಟಿಯಲ್ಲೇ ಮನೆಗೆ ಬಂದಳು. ಮೆಟ್ಟಿಲ ಮೇಲೆ ಕೂತಿದ್ದ ಕಿಂಗಾ ನೋಡಿದಳು. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ನೀವು ಅವಳಿಗೆ ಹೇಳಿದ್ದನ್ನೆಲ್ಲ ಹೇಳಿದಳು. ನಿಮ್ಮ ನಾಡನ್ನು ಮೂರು ಸಾಮ್ರಾಜ್ಯಗಳು ಹಂಚಿಕೊಂಡದ್ದು, ನಿಮ್ಮ ಊರು ಜರ್ಮನ್ ಚಕ್ರವರ್ತಿಯ ಪಾಲಾದದ್ದು, ಶಾಲೆಯಲ್ಲಿ ಪೋಲಿಷ್ ಭಾಷೆ ಒಂದೊಂದೇ ಪಾಠದಿಂದ ಮಾಯವಾಗಿ ಕೊನೆಗೆ ದೇವರ ಪ್ರಾರ್ಥನೆಯನ್ನೂ ಜರ್ಮನ್ನಿನಲ್ಲೇ ಹೇಳಬೇಕೆಂದು ಆಜ್ಞೆಯಾದದ್ದು. ಆಗ ಮಕ್ಕಳು ಬಾಯಿ ಬಿಡಲೇ ಇಲ್ಲವಂತೆ. ಒಂಬತ್ತು ವರ್ಷದ ಮರಿಯಾನ್ನಾ ಅಂಗೈ ಚಾಚಿ ಏಟು ತಿಂದು, ಊದಿದ ಕೈಯಲ್ಲೇ ಮನೆಗೆ ಬಂದು, ಕಿಟಕಿ ಮುಚ್ಚಿಕೊಂಡು ತಾಯಿಯ ಹತ್ತಿರ ತನ್ನ ಭಾಷೆಯ ಅಕ್ಷರ ಕಲಿತರಂತೆ.

ಸಿಂಚನ ಬಹಳ ದಿನಗಳ ಮೇಲೆ ಬಾಯಿ ಬಿಟ್ಟಳು. “ಅವ್ಳು ಬೇರೆಯವ್ರನ್ನ ಹಿಡ್ಕೊಟ್ಳಾ?”

“ಇಲ್ಲ, ಯಾರನ್ನೂ ಕೊಡಲಿಲ್ಲ,” ಅಂದಳು ಕಿಂಗಾ. “ಆಮೇಲೆ ಜರ್ಮನ್ನೂ ಚೆನ್ನಾಗಿ ಕಲಿತಳು. ಭಾಷೆ ಮೇಲೆ ಅವಳಿಗೆ ಕೋಪ ಇರಲಿಲ್ಲ.”

ಮಾರನೆಯ ದಿನದಿಂದ ಸಿಂಚನ ಪಟ್ಟಿಯನ್ನು ಯಾರಿಗೂ ಕೊಡಲಿಲ್ಲ. ಯಾರು ಕನ್ನಡ ಆಡಿದರೂ ಕೇಳಿಸದವಳಂತೆ ಇದ್ದಳು. ದಿನಾ ಸಂಜೆ ಅವಳೇ ಎದುರು ನಿಂತಳು. ಅವಳ ಗೆಳತಿಗೆ ಅದನ್ನು ನೋಡಲಾಗಲಿಲ್ಲ. ಇವತ್ತು ನಾನು ಹಾಕ್ಕೋತೀನಿ ಕೊಡು ಎಂದು ಕೇಳಿದಳು. ಆಮೇಲೆ ಯಶಸ್ ಎಂಬ ಹುಡುಗ. ವಾರ ಕಳೆಯುವುದರೊಳಗೆ ಪಟ್ಟಿಗಾಗಿ ಮಕ್ಕಳಲ್ಲಿ ಜಗಳ ಶುರುವಾಯಿತು, ನನಗೆ ನನಗೆ ಅಂತ! ಮೇಡಮ್ಮಿಗೆ ದಿಕ್ಕೇ ತೋಚಲಿಲ್ಲ. ಮೋಹನನಿಗೆ ಶಾಲೆಯಿಂದ ಫೋನು ಬಂತು.

ಅವನು ನನ್ನ ಮೇಲೆ ಹಾರಾಡಿದ. “ಅವ್ರೂರಿಗೆ ಚಕ್ರವರ್ತಿ ಬಂದಿದ್ದ ಕಣಮ್ಮ. ನಮ್ಮನ್ಯಾರು ಬಲವಂತ ಮಾಡಿದ್ರು? ನಾನೇ ಕ್ಯೂನಲ್ಲಿ ನಿಂತು ಸೇರಿಸ್ಬುಟ್ಟು ಬಂದಿದ್ದು!”

ಅವನು ಹೇಳಿದ್ದು ನಿಜವೇ. ಇನ್ನೊಬ್ಬರು ಹೊಡೆದು ಕಸಿದುಕೊಂಡದ್ದಕ್ಕಾಗಿ ನಿಮ್ಮವರು ಅತ್ತರು. ನಾವು ಸಾಲಿನಲ್ಲಿ ನಿಂತು ಕೊಟ್ಟು ಬಂದೆವು.

ಶಾಲೆಗೆ ಅವನ ಜೊತೆ ನಾನೂ ಹೋದೆ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಹೆಡ್‌ಮೇಡಂ ಸಿಂಚನಳನ್ನು ಕೇಳಿದರು. ಮಗು ಕೈ ಕಟ್ಟಿಕೊಂಡು, ಪೋಲೆಂಡಿನ ಒಬ್ಬ ಹುಡುಗಿ, ಅವಳಿಗೂ ಒಂಬತ್ತು ವರ್ಷ, ಎಂದು ಶುರುಮಾಡಿ ಕತೆಯನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿಬಿಟ್ಟಳು. ಒಂದು ಕಡೆಯೂ ತಡವರಿಸಲಿಲ್ಲ. ಬೈಯಲು ಬಂದಿದ್ದ ಮೋಹನ್ ಮಗಳನ್ನೇ ನೋಡುತ್ತಿದ್ದ. ಆಮೇಲೆ ಮೇಡಂ ಕಡೆ ತಿರುಗಿ, “ಇಷ್ಟ್ ಚೆನ್ನಾಗ್ ಮಾತಾಡ್ತಾಳಲ್ಲ ಮೇಡಂ, ಮತ್ತೆ ಪಟ್ಟಿ ಯಾಕೆ?” ಅಂದ.

ಅವರು ತಪ್ಪಾಯಿತು ಎನ್ನಲಿಲ್ಲ. ನೋಡೋಣ ಅಂದರು, ಅಷ್ಟೆ. ಆದರೆ ದಸರಾ ರಜೆ ಮುಗಿದ ಮೇಲೆ ಪಟ್ಟಿ ಮತ್ತೆ ಕಾಣಿಸಲಿಲ್ಲ. ಇಂಗ್ಲಿಷ್ ಪಾಠ ಎಂದಿನಂತೆ ನಡೆಯುತ್ತಿದೆ, ನಡೆಯಲಿ. ಸಂಜೆ ಬಂದವಳೇ ಚೀಲ ಎಸೆದು “ಅಜ್ಜಿ, ಇವತ್ತೇನಾಯ್ತು ಗೊತ್ತಾ” ಎಂದು ಶುರುಮಾಡಿದರೆ ಊಟದ ತಟ್ಟೆ ಎದುರಿಗಿಟ್ಟರೂ ನಿಲ್ಲಿಸುವುದಿಲ್ಲ. ಈಗೀಗ ನಾನೇ ಸ್ವಲ್ಪ ಸುಮ್ಮನಿರೇ ಅನ್ನುತ್ತೇನೆ. ಹಾಗೆ ಅನ್ನುವಾಗ ನನಗಾಗುವ ಸಂತೋಷ ನಿಮಗೆ ಅರ್ಥವಾಗುತ್ತದೆ.

ನಿಮ್ಮ ಅಜ್ಜಿಯ ಸಮಾಧಿಗೆ ಹೋದಾಗ ನಮ್ಮ ಮನೆಯ ಹೆಸರಿನಲ್ಲಿ ಒಂದು ದೀಪ ಹಚ್ಚಿ. ಅವರಿಗೆ ಈ ವಿಷಯ ನಿಮ್ಮ ಭಾಷೆಯಲ್ಲೇ ಹೇಳಿ.

ನಿಮ್ಮ ತಂಗಿಯಂಥವಳು,
ವಸಂತಮ್ಮ

ಮ.ವಿ.: ಕಿಂಗಾ, ಇದು ನಿನಗೆ ಮಾತ್ರ, ಅಜ್ಜಿಗೆ ಓದಬೇಡ. ಆ ದಿನ ಶಾಲೆಯಿಂದ ಬರುವಾಗ ಮೋಹನ್ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತ. ಕಾರ್ಖಾನೆಯ ಮೀಟಿಂಗಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುವಾಗ ಅವನು ಇಷ್ಟು ವರ್ಷವೂ ತುಟಿ ಬಿಚ್ಚಿಲ್ಲವಂತೆ. ಮಗಳಿಗೆ ಹಾಗಾಗದಿರಲಿ ಎಂದೇ ಆ ಶಾಲೆ ಹುಡುಕಿದ್ದಂತೆ. ನೀನು ವಾಪಸು ಬಂದ ಮೇಲೆ ನಿನ್ನ ಹತ್ತಿರ ಇಂಗ್ಲಿಷ್ ಕಲಿಯಬೇಕೆಂದು ಅವನಿಗೆ ಆಸೆ, ಕೇಳಲು ನಾಚಿಕೆ. ನಿನಗೇ ಹೊಳೆದ ಹಾಗೆ ನೀನೇ ಕರೆ. ನಾನು ಹೇಳಿದೆ ಅಂತ ಮಾತ್ರ ಯಾವ ಭಾಷೆಯಲ್ಲೂ ಬಾಯಿ ಬಿಡಬೇಡ.