ಅಲುಗಾಡಿದ ತಲೆಯ ಚಿತ್ರ

ಮಾರ್ಚ್ 3, ಬೆಳಿಗ್ಗೆ
ಹಾಲು ಕರೆದಾಯಿತು. ರಾಗಿ ಅಂಬಲಿ ಕುಡಿದಾಯಿತು. ಬರೆದಿಡುತ್ತೇನೆ — ಅಲುಗಾಡದೆ ಮಲಗುವುದರಲ್ಲಿ ಇಡೀ ಉಗಾಂಡದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕಾಗೇರಾ ಹೊಳೆಯ ಮೊಸಳೆಗಳು ಆ ವಿದ್ಯೆ ಕಲಿತದ್ದೇ ನನ್ನಿಂದ.

ಹೆಂಡತಿ ಜೆನಿನಾ ನಕ್ಕಳು. "ನೀವಾ? ಮೂವತ್ತು ವರ್ಷದಿಂದ ನಿದ್ದೇಲಿ ನಿಮ್ಮ ಒದೆ ತಿಂತಿರೋಳು ನಾನು."

ಅಣ್ಣನ ಮಗಳು ಕೆಂಬಾಬಾಜಿ ಎಂಬರಾರಾ ಪಟ್ಟಣದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ತಲೆಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನರ್ ಅವಳ ಕೆಲಸ. ಅದರಲ್ಲಿ ಇಪ್ಪತ್ತು ನಿಮಿಷ ಮಲಗಲು ಜನ ಬೇಕಂತೆ. ಒಪ್ಪಿದೆ. ಅಳಗುಳಿಮಣೆ ಆಡುವಲ್ಲಿ ಸಾರಿಯೂ ಬಂದೆ.

"ಇಪ್ಪತ್ತು ನಿಮಿಷ? ಎರಡು ನಿಮಿಷ ಮಲಗಿ ತೋರ್ಸೋ!" ಎಂದ ಆಟದ ಜೊತೆಗಾರ ಬ್ಯಾರುಗಾಬ.

ಪಂದ್ಯ ಕಟ್ಟಿದೆ. ತಲೆ ಅಲುಗಾಡಿ ಚಿತ್ರ ಕಲಸಿಹೋದರೆ ನಾನು ಸೋತಂತೆ. ಎಷ್ಟು ಕಟ್ಟಿದೆ... ಜೆನಿನಾಗೆ ತಿಳಿಯುವುದು ಬೇಡ.

ಮಾರ್ಚ್ 8
ಬಾಳೆಗಿಡದ ಕೆಳಗೆ ಅಭ್ಯಾಸ. ಇರುವೆ ಬಂತು. ಅದು ಲೆಕ್ಕಕ್ಕಿಲ್ಲ.

ಮಾರ್ಚ್ 12
ಕೆಂಬಾಬಾಜಿ ಊಟಕ್ಕೆ ಬಂದಳು. ಮುಖ ಬಾಡಿತ್ತು.

"ಚಿಕ್ಕಪ್ಪ, ತಲೇಲಿ ನೀರು ತುಂಬಿದ ಕೂಸುಗಳು ಮೆಷಿನ್ನಲ್ಲಿ ಸುಮ್ನೆ ಮಲಗಲ್ಲ. ಮದ್ದು ಕೊಟ್ಟು ಮಲಗಿಸೋಕೆ ಡಾಕ್ಟರಿಲ್ಲ. ಚಿತ್ರ ಕಲಸೋಗುತ್ತೆ. ಅದನ್ನ ತಿಳಿ ಮಾಡೋ ಪ್ರೋಗ್ರಾಮ್ ನಂದು."

"ಮಾಡು ಮತ್ತೆ."

"ಮೊದಲು ದೊಡ್ಡೋರ ಮೇಲೆ ನೋಡ್ಬೇಕು. ಬಂದೋರೆಲ್ಲ ಆಸ್ಪತ್ರೆ ಅಂತ ಹೆದರಿ ಮರದ ಕೊರಡಿನ ಹಾಗೆ ಮಲಗ್ತಾರೆ. ಅಲುಗಾಡಿ ಅಂದ್ರೆ ಪೊಲೀಸ್ ಪರೇಡು — ಎಡ, ಬಲ! ಕೂಸು ಹೀಗೆ ಹೊರಳುತ್ತಾ ಅಂತ ಪ್ರೊಫೆಸರ್ ಬೈದ್ರು. ಶುಕ್ರವಾರ ಕೊನೇ ಅವಕಾಶ. ಇಲ್ಲಾಂದ್ರೆ ನಾಲ್ಕು ವರ್ಷದ ಕೆಲಸ ಬಿಡ್ಬೇಕು."

"ಅದಕ್ಕೆ ನಾನೇ ಯಾಕೆ?"

"ಚರ್ಚಲ್ಲಿ ನಿಮ್ಮ ಪಕ್ಕ ಕೂತು ಬೆಳೆದೋಳು ನಾನು. ಒಂದು ಪ್ರವಚನಕ್ಕೂ ನೀವು ಸುಮ್ನೆ ಕೂತಿಲ್ಲ."

ಇನ್ನಷ್ಟು ಬಾಳೆಕಾಯಿ ಮುದ್ದೆ ಹಾಕಿಸಿಕೊಂಡೆ.

ಮಾರ್ಚ್ 15, ಶುಕ್ರವಾರ
ಬ್ಯಾರುಗಾಬನೂ ಜೊತೆಗೇ ಬಂದ, ಕಾವಲಿಗೆ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ತಾಯಿ. ಮಗಳ ದೊಡ್ಡ ತಲೆಯ ಕೆಳಗೆ ಎರಡೂ ಅಂಗೈ ಇಟ್ಟುಕೊಂಡೇ ಕೂತಿದ್ದಳು. ಕೂಸು ನನ್ನ ಬೆರಳು ಹಿಡಿಯಿತು. ಬಿಡಲೊಲ್ಲದು.

ಮೆಷಿನ್ನು ಕಟಕಟ ಎಂದಿತು. ಮೊದಲ ಮೂರು ನಿಮಿಷ ಬಂಡೆಯಾಗಿದ್ದೆ. ದೇವರಾಣೆ, ಇಪ್ಪತ್ತೂ ಇರುತ್ತಿದ್ದೆ. ಆಮೇಲೆ ಕೂಸು ಹಿಡಿದಿದ್ದ ಆ ಬೆರಳು... ಪಟ್ಟು ಬಿಟ್ಟುಬಿಟ್ಟೆ. ಮೂಗು ತುರಿಸಿತು, ಬಿಷಪ್ಪರ ಪ್ರವಚನ ನೆನಪಾಯಿತು, ಮೆಷಿನ್ನಿನ ಸಂದಿಯಿಂದ ಕೆಂಬಾಬಾಜಿಯನ್ನು ಹುಡುಕಿದೆ. ಮನಸಾರೆ ಅಲುಗಾಡಿದೆ.

"ಚಿಕ್ಕಪ್ಪ, ಇಷ್ಟು ಕೆಟ್ಟ ಚಿತ್ರ ಜನ್ಮದಲ್ಲೇ ನೋಡಿಲ್ಲ!" ನಗುತ್ತ ಕಣ್ಣೊರೆಸಿಕೊಂಡಳು.

ಬ್ಯಾರುಗಾಬ ಇಣುಕಿದ. "ಇದೇನು ತಲೇನೋ, ಕಡೆದ ಮಜ್ಜಿಗೇನೋ?" ಪಂದ್ಯದ ದುಡ್ಡಿಗೆ ಕೈ ಚಾಚಿದ.

ಏಪ್ರಿಲ್ 30, ಸಂಜೆ
ಕೆಂಬಾಬಾಜಿ ಎರಡು ಚಿತ್ರ ತಂದಳು. ಒಂದು ಮಜ್ಜಿಗೆ. ಪಕ್ಕದಲ್ಲಿ ಅದೇ ತಲೆ, ಮಡಿಕೆ ಮಡಿಕೆ ತಿಳಿಯಾಗಿ.

"ಒಳಗೆ ಮಿದುಳು ನಿಜವಾಗ್ಲೂ ಇದೆಯಲ್ರೀ!" ಎಂದಳು ಜೆನಿನಾ.

ಪ್ರೊಫೆಸರ್ ಒಪ್ಪಿದ್ದಾರೆ. ಸೋಮವಾರ ಮೊದಲ ಕೂಸು. ಯಾವುದೆಂದು ಕೇಳಿದೆ. ನನ್ನ ಬೆರಳು ಹಿಡಿದದ್ದೇ.

ಹೊರಡುವಾಗ ಕೆಂಬಾಬಾಜಿ ಬಾಗಿಲಲ್ಲಿ ಮೆಲ್ಲಗೆ ಕೇಳಿದಳು. "ಬೇಕಂತಲೇ ಅಲುಗಾಡಿದ್ರಾ?"

"ಸೊಳ್ಳೆ ಇತ್ತು ಕಣೆ."

ಸೋತದ್ದು ಐದು ಸಾವಿರ ಶಿಲ್ಲಿಂಗ್ ಎಂದು ಜೆನಿನಾಗೆ ಹೇಳಿದ್ದೇನೆ. ಇಲ್ಲೂ ಸುಳ್ಳು ಬರೆದು ಏನು ಮಾಡಲಿ. ಹುಡುಗಿಯ ಪದವಿಯ ದಿನ ಹಾಕಿಕೊಳ್ಳಲು ಬೂಟಿಗೆಂದು ಕೂಡಿಟ್ಟದ್ದು, ಅಷ್ಟೂ. ಚಪ್ಪಲಿಯಲ್ಲೇ ಹೋಗುತ್ತೇನೆ. ನಿಜ ಲೆಕ್ಕ ಎಪ್ಪತ್ತೆಂಟು ಸಾವಿರ.