ಹೆರಿಗೆ ಕೋಣೆಯ ಹೊರಗೆ

ಹದಿನಾಲ್ಕನೇ ತಾರೀಖು, ಗುರುವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬೈದುಕೊಂಡಿರುತ್ತೀ, ಬೈದುಕೋ. ಕಾಲಿನ ಊತ ಇಳಿಯಿತೇ? ಅಳಿಯಂದಿರು ಚೆನ್ನಾಗಿದ್ದಾರೆಯೇ? ‘ಹೆರಿಗೆಗೆ ನೀನೇ ಬರಬೇಕು, ಬೇರೆ ಯಾರ ಕೈಯೂ ಬೇಡ’ ಎಂದು ಬರೆದಿದ್ದೀ. ಅದಕ್ಕೆ ಏನು ಬರೆಯಲೆಂದು ತಿಳಿಯದೆ ಇಷ್ಟು ತಡವಾಯಿತು.

ನಾನೀಗ ಹೆಸರಿಗಷ್ಟೇ ಸೂಲಗಿತ್ತಿ. ನಗರದಲ್ಲಿ ಮನೆಹೆರಿಗೆ ಮಾಡಿಸಕೂಡದು ಎಂದ ಮೇಲೆ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದೊಂದೇ ಕೆಲಸ. ಕೊರಳಿಗೊಂದು ಪಾಸು ಹಾಕಿದ್ದಾರೆ. ಅದರ ಫೋಟೋದಲ್ಲಿ ಥೇಟ್ ಕಳ್ಳಿಯ ಹಾಗಿದ್ದೇನೆ. ಹೆರಿಗೆ ಕೋಣೆಗೆ ಕಾಲಿಟ್ಟರೆ ಅದನ್ನೂ ಕಿತ್ತುಕೊಳ್ಳುತ್ತಾರೆ.

ಹೋದ ತಿಂಗಳು ನಮ್ಮ ಓಣಿಯ ಇಸ್ತ್ರಿಯವನ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳ ಮೊದಲ ಮಗಳು ನನ್ನ ಕೈಯಲ್ಲೇ ಹುಟ್ಟಿದವಳು. ಆಟೋದಲ್ಲಿ ಹೊಟ್ಟೆ ಮುಟ್ಟಿ ನೋಡಿದೆ. ಕೂಸು ಅಡ್ಡ ಮಲಗಿತ್ತು. ಹೋದ ತಕ್ಷಣ ನರ್ಸಮ್ಮನಿಗೆ ಹೇಳಿದೆ.

“ಸ್ಕ್ಯಾನಲ್ಲಿ ಎಲ್ಲಾ ಸರಿಯಾಗಿದೆ ಅಜ್ಜಿ. ಮಿಷನ್ನಿಗಿಂತ ನಿಮ್ಮ ಕೈಗೇ ಜಾಸ್ತಿ ಗೊತ್ತಾ?”

“ಅದು ಒಂದೂವರೆ ತಿಂಗಳ ಹಿಂದಿನ ಸ್ಕ್ಯಾನು ಕಣಮ್ಮಾ. ಕೂಸು ತಿರುಗಿದೆ.”

“ಹೊರಗೆ ಕೂತ್ಕೊಳ್ಳಿ.”

ಅವಳೇನೂ ಕೆಟ್ಟವಳಲ್ಲ. ಹನ್ನೊಂದು ಹಾಸಿಗೆಗೆ ಒಬ್ಬಳೇ. ಇದ್ದೊಬ್ಬ ಡಾಕ್ಟರು ಆಪರೇಷನ್ನಿನಲ್ಲಿದ್ದರು. ಅವರು ಬರುವಷ್ಟರಲ್ಲಿ ಕೂಸಿನ ಕೈ ಹೊರಬಂದಿತ್ತು. ಗಂಡುಕೂಸು. ಉಳಿಯಲಿಲ್ಲ. ತಾಯಿಯ ಜೀವ ಉಳಿಸಲು ಗರ್ಭಕೋಶ ತೆಗೆದರು. ಇಸ್ತ್ರಿಯವನು ಒಂದು ವಾರ ಪೆಟ್ಟಿಗೆಗೆ ಕೆಂಡ ತುಂಬಲಿಲ್ಲ. ಯಾರದೋ ಮಡಿಸಿದ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮತ್ತೆ ಮಡಿಸುತ್ತ ಕೂತಿದ್ದ.

ನಮ್ಮಂಥ ಸೂಲಗಿತ್ತಿಯರು ಹೇಳುವುದನ್ನೂ ಸ್ವಲ್ಪ ಕೇಳಿಸಿಕೊಳ್ಳಿ ಎಂದು ದೊಡ್ಡ ಡಾಕ್ಟರಿಗೆ ಅರ್ಜಿ ಕೊಟ್ಟೆ. “ನೋಡೋಣ” ಅಂದರು. ಮಾರನೆಯ ದಿನ ನಾವು ಕೂರುವ ಬೆಂಚನ್ನು ಎತ್ತಿಸಿ ಗೇಟಿನ ಹತ್ತಿರ ಹಾಕಿಸಿದರು.

ನಾನು ಬರುವುದಿಲ್ಲ ಪುಟ್ಟಿ. ಅಲ್ಲಿಯೂ ನನ್ನನ್ನು ಹೊರಗೇ ಕೂರಿಸುತ್ತಾರೆ. ಕೊನೆಯ ವಾರ ಇನ್ನೊಂದು ಸ್ಕ್ಯಾನು ಮಾಡಿಸು, ಜಗಳವಾಡಿಯಾದರೂ ಮಾಡಿಸು. ಆಸ್ಪತ್ರೆಗೆ ಹೋದವಳು ಕೂಸನ್ನೆತ್ತಿಕೊಂಡು ಮನೆಗೆ ಬಾ, ಅಷ್ಟು ಸಾಕು ನನಗೆ.

ಇಂತಿ,
ನಿನ್ನ ಅಮ್ಮ

ಕಾಗದ ಮಡಿಸಿದ ಮೇಲೆ ಬರೆದದ್ದು: ಬರದಿರುವುದಕ್ಕೆ ನಿಜವಾದ ಕಾರಣ ಅದಲ್ಲ. ಅವತ್ತು ಇಸ್ತ್ರಿಯವನ ಹೆಂಡತಿ ಒಳಗಿನಿಂದ “ಅಜ್ಜೀ, ಬಾ” ಎಂದು ಮೂರು ಸಲ ಕೂಗಿದಳು. ಕೆಲಸ ಹೋದೀತೆಂಬ ಭಯಕ್ಕೆ ನಾನು ಏಳಲಿಲ್ಲ. ಮೊನ್ನೆ ನೋಡಲು ಹೋದಾಗ ಕೇಳಿದಳು: “ನಾನು ಕೂಗಿದ್ದು ನಿಂಗೆ ಕೇಳಿಸ್ಲೇ ಇಲ್ವಾ ಅಜ್ಜಿ?”

“ಇಲ್ಲ ಕಣೇ” ಅಂದೆ.

“ನಾನೂ ಹಾಗೇ ಅಂದ್ಕೊಂಡೆ. ಕೇಳಿಸಿದ್ರೆ ನೀನು ಬಂದೇ ಬರ್ತಿದ್ದೆ” ಎಂದು ನನ್ನ ಕೈ ಹಿಡಿದುಕೊಂಡಳು.