ಅಮ್ಮನ ಹೆಸರಿನ ಬೋರ್‌ವೆಲ್

ಪ್ರೇಕ್ ರಾಂಗ್, ಕಾಂಬೋಡಿಯಾ
ಅಕ್ಟೋಬರ್ 9

ಪ್ರೀತಿಯ ಮಗಳು ತೇರಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಥಾಯ್ಲೆಂಡಿನ ಆ ಮೀನಿನ ಕಾರ್ಖಾನೆಯಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈದುಕೋ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಗಳು ರುಮ್ದುಲ್ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ.

ವಿಷಯ ಇಷ್ಟೇ ಕಣೇ. ನಿಮ್ಮಮ್ಮ ತೀರಿಹೋದ ವರ್ಷ ಅವಳ ಆತ್ಮಕ್ಕೆ ಪುಣ್ಯ ಸೇರಲೆಂದು ನೀನು ದುಡ್ಡು ಕಳಿಸಿ ಓಣಿಯ ತುದಿಯಲ್ಲಿ ಬೋರ್‌ವೆಲ್ ಕೊರೆಸಿದೆಯಲ್ಲ, ಅದನ್ನು ನಾನು ಮುಚ್ಚಿಸಿದೆ. ಪೂರ್ತಿ ಓದು, ಆಮೇಲೆ ಅಳುವೆಯಂತೆ.

ಮಳೆಗಾಲಕ್ಕೆ ಮುಂಚೆ ಪೇಟೆಯಿಂದ ಒಬ್ಬ ಹುಡುಗಿ ನೀರು ಪರೀಕ್ಷೆಗೆ ಬಂದಿದ್ದಳು. ನಮ್ಮ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದೆ, ಮಣ್ಣಿನಾಳದಿಂದಲೇ ಬರುತ್ತದೆ, ಯಾರೂ ಕುಡಿಯದಂತೆ ಪಂಪಿನ ಬಾಯಿಗೆ ಕೆಂಪು ಬಣ್ಣ ಬಳಿಯಬೇಕು ಅಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಳೆಯ ನೀರು ಕೆಸರು, ಇದು ಕನ್ನಡಿಯ ಹಾಗೆ ತಿಳಿ. ಅದರ ಕಟ್ಟೆಯ ಮೇಲೆ ಮಾಲಿಸ್ ಎಂದು ನಿಮ್ಮಮ್ಮನ ಹೆಸರು ಬೇರೆ.

"ಕುದಿಸಿ ಕುಡಿದ್ರಾಯ್ತಲ್ಲ!" ಅಂದೆ.

"ತಾತಾ, ಕುದಿಸಿದ್ರೆ ಇದು ಹೋಗಲ್ಲ. ನೀರು ಆವಿಯಾಗಿ ಹೋಗುತ್ತೆ, ವಿಷ ಪಾತ್ರೇಲೇ ಉಳಿಯುತ್ತೆ."

"ಹೋಗಮ್ಮಾ ಹೋಗು, ನನ್ನ ಹೆಂಡ್ತಿ ಹೆಸರಿಗೆ ಕೆಂಪು ಬಳಿಯೋಕೆ ಬಂದ್ಬಿಟ್ಲು!" ಎಂದು ಅಟ್ಟಿಬಿಟ್ಟೆ.

ಎದುರು ಮನೆಯ ಹೊಯೆನ್ ನಿನಗೆ ಗೊತ್ತಲ್ಲ, ಬಾಯಿ ಸುಮ್ಮನಿರುವ ಹೆಂಗಸಲ್ಲ. ಸೀದಾ ಬಂದು ತನ್ನ ಅಂಗೈ ನನ್ನ ಮೂಗಿನ ಮುಂದೆ ಹಿಡಿದಳು. ಅಕ್ಕಿಕಾಳು ಅಂಟಿಸಿದ ಹಾಗೆ ಗಟ್ಟಿ ಗಂಟುಗಳು. "ಕೆಲಸ ಮಾಡಿ ಕೈ ಹೀಗಾಗಿದೆ ಅಂದ್ಕೊಂಡಿದ್ದೆ ಭಾವ. ಕೆಲಸವಂತೆ! ಆ ನೀರಿನ ವಿಷದ ಗಂಟು ಅಂದ್ಲು ಆ ಹುಡುಗಿ. ಇದು ನಿಮ್ಮ ಮನೆ ಪುಣ್ಯ. ಇನ್ನೆಷ್ಟು ಕುಡಿಸ್ತೀರಾ ಹೇಳಿ" ಅಂದಳು.

ಪಂಪು ನಿಂತರೆ ಪುಣ್ಯವೂ ನಿಲ್ಲುತ್ತದಲ್ಲ ಮಗಳೇ, ಅದೇ ನನ್ನ ಭಯ. ಈ ಸಲದ ಪಿತೃಗಳ ಹಬ್ಬವೂ ಮುಂದಿತ್ತು. ಸತ್ತವರೆಲ್ಲ ಹಸಿದು ಬಾಯಾರಿ ಬರುವ ದಿನಗಳಲ್ಲಿ ನಿಮ್ಮಮ್ಮನೊಬ್ಬಳೇ ಬರಿಗೈಯಲ್ಲಿ ನಿಲ್ಲಬೇಕೇ? ವಿಹಾರಕ್ಕೆ ಹೋಗಿ ಹಿರಿಯ ಭಿಕ್ಷುಗಳ ಮುಂದೆ ಅತ್ತುಬಿಟ್ಟೆ.

ಅವರು ಸಮಾಧಾನ ಹೇಳಲಿಲ್ಲ. "ಮಾಲಿಸ್ ಬದುಕಿದ್ದಾಗ ಹಳಸಿದ ಗಂಜಿ ಯಾರಿಗಾದ್ರೂ ಬಡಿಸಿದ್ಲೇನಯ್ಯಾ?" ಎಂದು ಕೇಳಿದರು.

"ಛೆ ಛೆ, ಹಂದಿಗೂ ಹಾಕ್ತಿರಲಿಲ್ಲ ಸ್ವಾಮಿ."

"ಮತ್ತೆ ಈಗ್ಯಾಕೆ ಅವಳ ಕೈಲಿ ವಿಷ ಬಡಿಸ್ತೀಯ?"

ವಾಪಸು ಬಂದವನೇ ಆ ಹುಡುಗಿಯನ್ನು ಕರೆಸಿ ಕ್ಷಮೆ ಕೇಳಿದೆ, ಪಂಪಿನ ಬಾಯಿಗೆ ನಾನೇ ಕೆಂಪು ಬಳಿದೆ. ಅರ್ಧ ಬಣ್ಣ ನನ್ನ ಲುಂಗಿಗೇ ಆಯಿತು. ಆಮೇಲೆ ಹಿಡಿಯನ್ನೂ ಬಿಚ್ಚಿಸಿಬಿಟ್ಟೆವು.

ಆ ಹುಡುಗಿಯೇ ದಾರಿ ತೋರಿಸಿದಳು. ಓಣಿಯ ಹೆಂಗಸರು ಸಿಮೆಂಟ್ ಕಲಸಿ, ಆಳೆತ್ತರದ ಹಂಡೆಗಳನ್ನು ಎರಕ ಹೊಯ್ದು, ಮನೆಮನೆಯ ತಗಡಿನ ಸೂರಿಗೆ ಮಳೆನೀರು ಹರಿದುಬರುವ ದೋಣಿ ಕಟ್ಟಿದರು. ಮೊದಲು ಬಿದ್ದ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತುಂಬಿ ಮುಚ್ಚಿಡುತ್ತೇವೆ. ಬೇಸಿಗೆಗೆ ಹೊಳೆಯ ನೀರು ಸೋಸುವ ಮಡಕೆಗಳೂ ಬರುತ್ತವಂತೆ. ವಿಹಾರದ ಅಂಗಳದ ಹಂಡೆ ಎಲ್ಲಕ್ಕಿಂತ ದೊಡ್ಡದು, ಅದರ ಮೇಲೆ ಮಾಲಿಸ್ ಎಂದು ಬರೆಸಿದ್ದೇನೆ. ಶಾಲೆಯ ಮಕ್ಕಳೆಲ್ಲ ಅದರಲ್ಲೇ ಕುಡಿಯುತ್ತಾರೆ.

ಹೊಯೆನ್ ಮೊದಲ ಲೋಟ ಕುಡಿದು, "ಥೇಟ್ ಮಾಲಿಸಕ್ಕನ ಸಾರು, ಉಪ್ಪೇ ಇಲ್ಲ!" ಅಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ದಿನಗಳ ಮೇಲೆ ಅವಳ ಹೆಸರೆತ್ತಿ ನಕ್ಕೆನಲ್ಲ, ನನಗೇ ಆಶ್ಚರ್ಯವಾಯಿತು.

ಇದರಲ್ಲಿ ನಿನ್ನ ತಪ್ಪು ಕೂದಲೆಳೆಯಷ್ಟೂ ಇಲ್ಲ. ತಿಳಿನೀರು ಒಳ್ಳೆಯದೆಂದು ಊರಿಗೆ ಊರೇ ನಂಬಿತ್ತು. ಹೊತ್ತು ಮೀರಿ ದುಡಿಯಬೇಡ, ಮೈ ನೋಡಿಕೋ. ನಿಮ್ಮಮ್ಮನ ನೆರಳು ಸದಾ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಸೇಂಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹೊಯೆನ್ ಅಂಗೈ ತೋರಿಸಿದ ದಿನ ಮನೆಗೆ ಬಂದು ರುಮ್ದುಲ್‌ಳ ಕೈ ಬಿಡಿಸಿ ನೋಡಿದೆ. ಅವಳಿಗೂ ಇದೆ ಮಗಳೇ, ಸಣ್ಣ ಸಣ್ಣವು. ಗಾಬರಿಯಾಗಬೇಡ, ಆಸ್ಪತ್ರೆಗೆ ತೋರಿಸಿದ್ದೇನೆ. ಬೇಗ ಗೊತ್ತಾಯಿತು, ನೀರು ಬದಲಾಯಿಸಿದ್ದು ಒಳ್ಳೆಯದಾಯಿತು, ಎಳೆಯ ಮೈ ಚೇತರಿಸಿಕೊಳ್ಳುತ್ತದೆ ಅಂದರು ಡಾಕ್ಟರಮ್ಮ. ಈಗಾಗಲೇ ಕೈ ಮೆತ್ತಗಾಗುತ್ತಿದೆ, ದಿನಾ ಮುಟ್ಟಿ ನೋಡುತ್ತೇನೆ. ಆದರೆ ಅವಳು ಫೋನಿನಲ್ಲಿ ನಿನಗೆ ಕೈ ಬೀಸುವುದನ್ನು ಬಿಟ್ಟಿದ್ದಾಳೆ, ಮುಷ್ಟಿ ಕಟ್ಟಿಕೊಂಡೇ ಮಾತಾಡುತ್ತಾಳೆ. ಯಾಕೆಂದು ಕೇಳಿದರೆ, "ಅಮ್ಮ ಹಾಕ್ಸಿದ ನೀರಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅಮ್ಮ ನಾಚ್ಕೊಂಡು ಊರಿಗೇ ಬರಲ್ವೇನೋ ತಾತ" ಅಂದಳು. ಹೊಸ ವರ್ಷಕ್ಕೆ ಬಾ. ಬಂದು ನೀನೇ ಆ ಮುಷ್ಟಿ ಬಿಡಿಸು.